ಪಂಪ್ ಮೇಲೆ 191 ನಿಮಿಷ: ವಾಲ್ವ್ ಆಪರೇಷನ್ ಮತ್ತು ಆಮೇಲಿನ ದಿನಗಳು

ಹಾರ್ಟ್ ಆಪರೇಷನ್ ಆಗಿ ಮನೆಗೆ ಬಂದವರನ್ನು ನೋಡಲು ಬರುವವರು ಕೇಳುವುದು ಎರಡೇ ಪ್ರಶ್ನೆ. ಒಂದು, "ಎಷ್ಟು ಖರ್ಚಾಯ್ತು?" ಇನ್ನೊಂದು, "ಅಯ್ಯೋ, ಇನ್ನೂ ಸುಧಾರಿಸಿಕೊಂಡಿಲ್ವಾ? ನಮ್ಮ ಭಾವನೋರು ಹದಿನೈದೇ ದಿನಕ್ಕೆ ತೋಟಕ್ಕೆ ಹೋದ್ರಪ್ಪ." ಖರ್ಚಿನ ವಿಷಯ ಮುಂದೆ ಬರೆದಿದ್ದೇನೆ. ಎರಡನೇ ಪ್ರಶ್ನೆಗೆ ಉತ್ತರದ ಬಹುಪಾಲು ನನ್ನ ಡಿಸ್ಚಾರ್ಜ್ ಸಮರಿಯಲ್ಲೇ ಇತ್ತು. ಎರಡನೇ ಪುಟದಲ್ಲಿ, ಯಾರೂ ಓದದ ಜಾಗದಲ್ಲಿ: ಸಿಪಿಬಿ ಟೈಮ್ (ಹಾರ್ಟ್ ಮತ್ತು ಶ್ವಾಸಕೋಶದ ಕೆಲಸವನ್ನು ಮಷೀನ್ ಮಾಡಿದ ಹೊತ್ತು, ಅದನ್ನೇ ಪಂಪ್ ಟೈಮ್ ಅನ್ನುವುದು) 191 ನಿಮಿಷ, ಕ್ರಾಸ್ ಕ್ಲ್ಯಾಂಪ್ ಟೈಮ್ (ಅದರಲ್ಲಿ ಹಾರ್ಟಿಗೇ ರಕ್ತ ನಿಲ್ಲಿಸಿದ್ದ ಹೊತ್ತು) 98 ನಿಮಿಷ. ಇವುಗಳ ಅರ್ಥ ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಅರ್ಧ ಅಳು ತಪ್ಪುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯವಳು. ವಯಸ್ಸು 47, ಹಳ್ಳಿಯ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಚಿಕ್ಕವಳಿದ್ದಾಗ ಗಂಟಲು ನೋವು ಬಂದು, ಆಮೇಲೆ ಮಂಡಿ, ಮೊಣಕೈ ಎಲ್ಲ ಊದಿಕೊಂಡು ಜ್ವರ ಬಂದಿತ್ತಂತೆ. ಊರಲ್ಲಿ ವಾಯು ಅಂದರು. ಅದು ರುಮ್ಯಾಟಿಕ್ ಜ್ವರ, ಅದು ಹಾರ್ಟಿನ ಎಡಗಡೆಯ ಮೈಟ್ರಲ್ ವಾಲ್ವನ್ನು (ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಬಾಗಿಲನ್ನು) ಕಚ್ಚಿ ಹೋಗಿದೆ ಅಂತ ಗೊತ್ತಾದದ್ದು ಮಗಳು ಹೊಟ್ಟೆಯಲ್ಲಿದ್ದಾಗ, ಮೆಟ್ಟಿಲು ಹತ್ತಲಾಗದೆ ಕೂತಾಗ. ಹೆರಿಗೆಯಾದ ಮೇಲೆ ಬಲೂನ್ ಹಾಕಿ ವಾಲ್ವ್ ಬಿಡಿಸಿದರು. ಇಪ್ಪತ್ತು ವರ್ಷಕ್ಕೂ ಮೇಲೆ ಅದರಲ್ಲೇ ನಡೆಯಿತು. ಈಚೆಗೆ ಮತ್ತೆ ಉಸಿರು ಕಟ್ಟತೊಡಗಿತು, ನಾಡಿ ತಾಳ ತಪ್ಪಿತು, ಕಾಲು ಊದಿತು. ಈ ಸಲ ಬಲೂನ್ ಆಗದು ಅಂದರು. ಗಂಟಲಿನ ಮೂಲಕ ಮಾಡುವ ಎಕೋದಲ್ಲಿ ಎಡ ಹೃತ್ಕರ್ಣದಲ್ಲಿ (ಹಾರ್ಟಿನ ಎಡಗಡೆಯ ಮೇಲಿನ ಕೋಣೆಯಲ್ಲಿ) ರಕ್ತ ಹೆಪ್ಪುಗಟ್ಟಿರುವುದು ಕಂಡಿತ್ತು. ವಾಲ್ವ್ ಬಿಗಿದುಕೊಂಡಿದ್ದಲ್ಲದೆ ಸೋರುತ್ತಲೂ ಇತ್ತು. ಬಲಗಡೆಯ ಟ್ರೈಕಸ್ಪಿಡ್ ವಾಲ್ವ್ ಕೂಡ ಸೋರುತ್ತಿತ್ತು. ಎದೆ ತೆರೆಯಲೇಬೇಕು.

ಅಲ್ಲಿಂದ ಆಪರೇಷನ್ ದಿನದವರೆಗೆ ನಡೆದದ್ದು ಕಾಗದದ ಓಡಾಟ. ನಮ್ಮದು ಬಿಪಿಎಲ್ ಕಾರ್ಡು, ಹಾಗಾಗಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮಾಡಿಸಿದೆವು. ಬಿಪಿಎಲ್‌ನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30ರಷ್ಟು ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ತುರ್ತು ಪರಿಸ್ಥಿತಿ ಬಿಟ್ಟು. ನಮಗೆ ತೊಡಕಾದದ್ದು ಹೆಸರು. ಆಧಾರಿನಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್ ಇದೆ, ಪಡಿತರ ಚೀಟಿಯಲ್ಲಿ ಇಲ್ಲ. ಇಷ್ಟಕ್ಕೇ ಪೂರ್ವಾನುಮತಿ ನಿಂತು, ಯಜಮಾನರು ತಾಲ್ಲೂಕು ಕಚೇರಿಗೆ ಅಲೆಯಬೇಕಾಯಿತು. ಆಪರೇಷನ್ ದಿನಾಂಕ ಸಿಗುವ ಮೊದಲೇ ಎರಡೂ ಕಾರ್ಡು ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿಕೊಳ್ಳಿ.

ಯೋಜನೆ ಇಲ್ಲದಿದ್ದರೆ ಜನರಲ್ ವಾರ್ಡಿನ ಲೆಕ್ಕದಲ್ಲೇ ಎರಡೂಮುಕ್ಕಾಲು ಲಕ್ಷ ಆಗುತ್ತದೆ ಅಂತ ಅಂದಾಜು ಕೊಟ್ಟಿದ್ದರು. ಯೋಜನೆ ಇದ್ದರೂ ಕೈಯಿಂದ ಹೋಗುವುದು ಹೋಗಿಯೇ ಹೋಗುತ್ತದೆ. ಮೊದಲಿನ ಒಂದಷ್ಟು ಪರೀಕ್ಷೆ, ಯಜಮಾನರು ಮತ್ತು ಮಗಳು ಉಳಿಯಲು ಬಾಡಿಗೆ ಕೋಣೆ, ಊಟ, ರಕ್ತ ಕೊಡಲು ಬಂದವರ ಬಸ್ ಚಾರ್ಜು, ವಾಪಸ್ ಬರಲು ಕಾರು. ನಮ್ಮದು ಎಲ್ಲ ಸೇರಿ ನಲವತ್ತು ಸಾವಿರ ದಾಟಿತು.

ಯಾರೂ ನಿರೀಕ್ಷಿಸದ ತಡೆ ಎಂದರೆ ಹಲ್ಲು. ವಾಲ್ವ್ ಹಾಕುವ ಮೊದಲು ಹಲ್ಲಿನ ಡಾಕ್ಟರ ಒಪ್ಪಿಗೆ ಪತ್ರ ಬೇಕು. ಹುಳುಕು ಹಲ್ಲಿನಿಂದ ಕ್ರಿಮಿ ರಕ್ತಕ್ಕೆ ಸೇರಿ ಹೊಸ ವಾಲ್ವಿನ ಮೇಲೆ ಕೂತರೆ ಕಥೆ ಮುಗಿಯಿತು. ನನ್ನ ಎರಡು ದವಡೆ ಹಲ್ಲು ಕೀಳಬೇಕಾಯಿತು. ನಾನು ಆಗಲೇ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದೆನಾದ್ದರಿಂದ ಅದಕ್ಕೂ ತಯಾರಿ, ಅದು ಮಾಯುವ ತನಕ ಕಾಯುವಿಕೆ. ವಾಲ್ವ್ ಆಪರೇಷನ್ ಅಂತ ಬಾಯಲ್ಲಿ ಮಾತು ಬಂದ ದಿನವೇ ಹಲ್ಲು ತೋರಿಸಿಬಿಡಿ.

ಹಿಂದಿನ ದಿನ ಅರಿವಳಿಕೆ ಡಾಕ್ಟರು ಬಂದು ಪ್ರಶ್ನೆ ಕೇಳಿದರು. ಒಂದು ಪ್ರಶ್ನೆ: "ಮೀನು ತಿಂದರೆ ಅಲರ್ಜಿ ಆಗುತ್ತಾ?" ನಾವು ಮೀನು ಮುಟ್ಟುವವರಲ್ಲ, ಇದ್ಯಾಕೆ ಅಂದೆ. ಹಾರ್ಟ್ ಲಂಗ್ ಮಷೀನಿಗೆ ರಕ್ತ ಹೋಗುವ ಮೊದಲು ಅದು ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ, ಮಷೀನಿನಿಂದ ಬಿಡಿಸಿದ ಮೇಲೆ ಆ ಹೆಪಾರಿನ್ನಿನ ಶಕ್ತಿ ಇಳಿಸಲು ಪ್ರೋಟಮಿನ್ ಕೊಡುತ್ತಾರೆ, ಆ ಪ್ರೋಟಮಿನ್ ಮೀನಿನಿಂದ ಬರುವಂಥದ್ದು ಎಂದರು. "ಹೆಪಾರಿನ್ ಯಾವುದರಿಂದ ಬರುತ್ತೆ ಸರ್?" ಅಂದೆ. "ಅದನ್ನ ಆಪರೇಷನ್ ಆದಮೇಲೆ ಹೇಳ್ತೀನಿ ಬಿಡಿ" ಅಂತ ನಕ್ಕರು. ಹಂದಿಯ ಕರುಳಿನಿಂದ ಅಂತ ಆಮೇಲೆ ಮಗಳು ಫೋನಿನಲ್ಲಿ ಓದಿ ಹೇಳಿದಳು. ಆಗ ಯಾವ ಮಡಿಯೂ ಉಳಿದಿರಲಿಲ್ಲ.

ಮಷೀನ್ ಯಾಕೆ ಬೇಕು ಅನ್ನುವುದನ್ನು ಅವರೇ ವಿವರಿಸಿದ್ದು. ಬೈಪಾಸಿನಲ್ಲಿ ಹೊಲಿಗೆ ಬೀಳುವುದು ಹಾರ್ಟಿನ ಹೊರಮೈಯ ರಕ್ತನಾಳಕ್ಕೆ. ಅದನ್ನು ಹಾರ್ಟ್ ಬಡಿಯುತ್ತಿರುವಾಗಲೇ, ಮಷೀನ್ ಇಲ್ಲದೆ ಮಾಡಬಹುದು. ನಮ್ಮ ದೇಶದಲ್ಲಿ ಹಾಗೆ ಮಾಡುವುದು ಬಹಳ. ವಾಲ್ವ್ ಇರುವುದು ಒಳಗೆ. "ಮೋಟಾರ್ ಓಡ್ತಿರುವಾಗ ಒಳಗಿನ ಬೇರಿಂಗ್ ಬದಲಿಸೋಕಾಗುತ್ತಾ ಅಮ್ಮಾ?" ಅಂದರು. ಹಾರ್ಟಿಗೆ ಬರುವ ಎರಡು ದೊಡ್ಡ ನಾಳಗಳಿಗೆ ಕೊಳವೆ ಹಾಕಿ ಕಪ್ಪು ರಕ್ತವನ್ನು ಹೊರಗೆಳೆಯುತ್ತಾರೆ. ಆಕ್ಸಿಜನೇಟರ್ ಅದಕ್ಕೆ ಆಮ್ಲಜನಕ ಸೇರಿಸುತ್ತದೆ, ಪಂಪು ಅದನ್ನು ವಾಪಸ್ ಮಹಾಪಧಮನಿಗೆ ನೂಕುತ್ತದೆ, ಬೇಕಾದಂತೆ ತಣ್ಣಗೆ ಬೆಚ್ಚಗೆ ಮಾಡುತ್ತದೆ. ಅದನ್ನು ನಡೆಸಲು ಪರ್ಫ್ಯೂಷನಿಸ್ಟ್ ಅಂತ ಒಬ್ಬರು ಬೇರೆಯೇ ಇರುತ್ತಾರೆ. ಇದು ಸಿದ್ಧವಾದ ಮೇಲೆ ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿ, ಪೊಟ್ಯಾಸಿಯಂ ಇರುವ ದ್ರಾವಣ ಬಿಟ್ಟು ಹಾರ್ಟನ್ನು ನಿಲ್ಲಿಸುತ್ತಾರೆ.

ಅಂದರೆ ಗಡಿಯಾರ ಎರಡು. ಪಂಪ್ ಟೈಮ್ ಅಂದರೆ ಇಡೀ ಮೈ ಮಷೀನಿನ ಮೇಲೆ ಬದುಕಿದ್ದ ಹೊತ್ತು. ಕ್ಲ್ಯಾಂಪ್ ಟೈಮ್ ಅಂದರೆ ಹಾರ್ಟಿಗೇ ರಕ್ತ ಇಲ್ಲದಿದ್ದ ಹೊತ್ತು. ಎರಡನೆಯದು ಹಾರ್ಟಿನ ಸ್ನಾಯು ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಅನ್ನುವುದಕ್ಕೆ ಸಂಬಂಧಿಸಿದ್ದು. ಮೊದಲನೆಯದು ಕಿಡ್ನಿ, ಶ್ವಾಸಕೋಶ, ಮಿದುಳು, ರಕ್ತ ಎಲ್ಲಕ್ಕೂ ಸಂಬಂಧಿಸಿದ್ದು.

ಒಡವೆಯ ವಿಷಯ ಹೆಂಗಸರಿಗೆ ಹೇಳಲೇಬೇಕು. ಎಲ್ಲ ತೆಗೆಯಬೇಕು. ತಾಳಿ ಯಜಮಾನರ ಜೇಬಿಗೆ ಹೋಯಿತು. ಕಾಲುಂಗುರ ಮಾತ್ರ ಊದಿದ ಬೆರಳಿಂದ ಬರಲೊಲ್ಲದೆ ಕೊನೆಗೆ ಕತ್ತರಿಸಿದರು. ಮನೆಯಲ್ಲೇ ಸೋಪು ಹಾಕಿ ಬಿಡಿಸಿಕೊಂಡು ಹೋಗಿ.

ಬೆಳಿಗ್ಗೆ ಏಳೂವರೆಗೆ ಒಳಗೆ ಕರೆದುಕೊಂಡು ಹೋದರು. ಮುಂದಿನದು ಯಜಮಾನರಿಂದ ಕೇಳಿದ್ದು. ನಾಲ್ಕು ಗಂಟೆ ಹೊತ್ತು ಹಿಡಿಯಬಹುದು ಎಂದಿದ್ದರಂತೆ. ಹನ್ನೆರಡಾಯಿತು, ಒಂದಾಯಿತು, ಯಾರೂ ಬರಲಿಲ್ಲ. ಎರಡು ಗಂಟೆಗೆ ಹೊರಗೆ ಬಂದ ಒಬ್ಬ ಹುಡುಗ "ಇನ್ನೂ ಪಂಪ್ ಮೇಲಿದ್ದಾರೆ" ಅಂದು ಹೋಗಿಬಿಟ್ಟ. ಪಂಪ್ ಅಂದರೇನು ಅಂತ ಗೊತ್ತಿಲ್ಲದ ಮನುಷ್ಯನಿಗೆ ಆ ಮಾತು ಹೇಗೆ ಕೇಳಿಸಿರಬೇಕು! ಮಗಳು ಕ್ಯಾಂಟೀನಿನಿಂದ ತಂದ ಇಡ್ಲಿ ಪೊಟ್ಟಣ ಬಿಚ್ಚಲೇ ಇಲ್ಲವಂತೆ. ಹೊರಗೆ ಕಾಯುವವರಿಗೆ ಒಂದು ಮಾತು: ಒಳಗೆ ಹೋದ ಹೊತ್ತಿನಿಂದ ಲೆಕ್ಕ ಹಾಕಬೇಡಿ. ಅರಿವಳಿಕೆ ಕೊಟ್ಟು ನಳಿಕೆಗಳನ್ನೆಲ್ಲ ಹಾಕಲಿಕ್ಕೇ ಗಂಟೆ ಹಿಡಿಯುತ್ತದೆ. ಮಷೀನ್ ಬಿಡಿಸಿದ ಮೇಲೆ ರಕ್ತ ಒಸರುವುದನ್ನು ನಿಲ್ಲಿಸಿ, ಎದೆಯ ಮೂಳೆಗೆ ತಂತಿ ಕಟ್ಟಿ ಮುಚ್ಚಲು ಇನ್ನೊಂದೆರಡು ಗಂಟೆ.

ನನ್ನದು ಉದ್ದವಾದದ್ದಕ್ಕೆ ಕಾರಣ ಹೀಗೆ. ಮೊದಲು ಹೆಪ್ಪುಗಟ್ಟಿದ ರಕ್ತವನ್ನು ಚೂರೂ ಬಿಡದೆ ತೆಗೆಯಬೇಕಿತ್ತು, ಚೂರು ಉಳಿದರೆ ಅದು ಮಿದುಳಿಗೆ ಹೋಗಬಹುದು. ಹಳೆಯ ವಾಲ್ವ್ ಸುಣ್ಣಗಟ್ಟಿತ್ತು. ಅದನ್ನು ಕತ್ತರಿಸಿ ಲೋಹದ ವಾಲ್ವ್ ಕೂರಿಸಿದರು. ಟ್ರೈಕಸ್ಪಿಡ್‌ಗೆ ಸುತ್ತ ಹೊಲಿಗೆ ಹಾಕಿ ಕಿರಿದು ಮಾಡಿದರು. ಮಷೀನಿನಿಂದ ಬಿಡಿಸಿ, ಗಂಟಲಿನ ಎಕೋದಲ್ಲಿ ನೋಡಿದರೆ ಟ್ರೈಕಸ್ಪಿಡ್ ಇನ್ನೂ ಜೋರಾಗಿ ಸೋರುತ್ತಿದೆ. ಮತ್ತೆ ಮಷೀನಿಗೆ ಹಾಕಿದರು. ಈ ಸಲ ಹಾರ್ಟ್ ಬಡಿಯುತ್ತಿರುವಾಗಲೇ ರಿಂಗ್ ಕೂರಿಸಿದರು. ಹಾಗಾಗಿಯೇ ಕ್ಲ್ಯಾಂಪ್ 98ಕ್ಕೆ ನಿಂತು, ಪಂಪ್ ಮಾತ್ರ 191ಕ್ಕೆ ಹೋಯಿತು.

ಸಂಜೆ ರಕ್ತ ನಿಲ್ಲಲಿಲ್ಲ. ಎದೆಯ ಡ್ರೇನಿನಲ್ಲಿ ಬರುತ್ತಲೇ ಇತ್ತು. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು) ಬೇಕು ಅಂದರು. ಪುಣ್ಯಕ್ಕೆ ನನ್ನ ತಮ್ಮನ ಸ್ನೇಹಿತರು ಇನ್ನೂ ಊರಿನ ಬಸ್ ಹತ್ತಿರಲಿಲ್ಲ. ಮಷೀನಿನ ಕೊಳವೆಗಳಲ್ಲಿ ಸುತ್ತುವಾಗ ಪ್ಲೇಟ್‌ಲೆಟ್‌ಗಳು ಸವೆಯುತ್ತವೆ, ಹೊತ್ತು ಹೆಚ್ಚಾದಷ್ಟೂ ಹೆಚ್ಚು. ರಕ್ತ ಕೊಟ್ಟವರನ್ನು ಬೆಳಿಗ್ಗೆಯೇ ಕಳಿಸಿಬಿಡಬೇಡಿ. ಒಬ್ಬಿಬ್ಬರು ರಾತ್ರಿಯವರೆಗೆ ಇರಲಿ.

ನನಗೆ ನೆನಪಿರುವ ಮೊದಲ ಸಂಗತಿ ಬಾಯಾರಿಕೆ. ಬಾಯಲ್ಲಿ ವೆಂಟಿಲೇಟರಿನ ನಳಿಕೆ, ಕೈ ಕಟ್ಟಿದ್ದಾರೆ, ಮಾತು ಬರದು. ಸಿಸ್ಟರ್ ಒದ್ದೆ ಬಟ್ಟೆಯಿಂದ ತುಟಿ ಒರೆಸಿದಾಗ ಅದನ್ನೇ ಚೀಪಿದೆ. ಅದೇ ದಿನ ಆಪರೇಷನ್ ಆದ ತುಮಕೂರಿನ ಅಜ್ಜಿಗೆ ಆ ರಾತ್ರಿಯೇ ನಳಿಕೆ ತೆಗೆದಿದ್ದರು. ನನಗೆ ತೆಗೆದದ್ದು ಮರುದಿನ ಸಂಜೆ, ಶ್ವಾಸಕೋಶದಲ್ಲಿ ನೀರು ಕೂತಿದೆ ಅಂತ.

ಆಮೇಲಿನ ರಾತ್ರಿ ನಾನು ಐಸಿಯುನಲ್ಲಿ ಇರಲಿಲ್ಲ. ಅರಸೀಕೆರೆ ಬಸ್ಸಿನಲ್ಲಿದ್ದೆ. ಮಾನಿಟರ್ ಕೂಗಿದಾಗಲೆಲ್ಲ ಕಂಡಕ್ಟರ್ ಸೀಟಿ ಹೊಡೆಯುತ್ತಿದ್ದ. ಐನೂರು ರೂಪಾಯಿ ಕೊಟ್ಟಿದ್ದೇನೆ, ಚಿಲ್ಲರೆ ಕೊಟ್ಟಿಲ್ಲ. ಪಾಪ, ರಾತ್ರಿ ನೋಡಿಕೊಳ್ಳುತ್ತಿದ್ದ ಕೇರಳದ ಸಿಸ್ಟರ್ ಹುಡುಗಿಗೆ ನಾನು ಬೈದದ್ದು ಅಷ್ಟಿಷ್ಟಲ್ಲವಂತೆ. "ಚಿಲ್ಲರೆ ನಾಳೆ ಕೊಡ್ತೀನಿ ಅಮ್ಮಾ, ಈಗ ಮಲ್ಕೊಳ್ಳಿ" ಅಂತ ಸಮಾಧಾನ ಮಾಡಿದಳಂತೆ. ಬೆಳಿಗ್ಗೆ ಯಜಮಾನರು ಬಂದಾಗ ಅವರ ಗುರುತೇ ಸಿಗಲಿಲ್ಲ. ಅವರು ಹೊರಗೆ ಹೋಗಿ ಅತ್ತರು ಅಂತ ಮಗಳು ಈಚೆಗೆ ಹೇಳಿದಳು.

ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ಹಾರ್ಟ್ ಆಪರೇಷನ್ ಆದವರಲ್ಲಿ ಅಪರೂಪವಲ್ಲ. ಹುಚ್ಚಲ್ಲ, ದೆವ್ವವಲ್ಲ, ಬಹುತೇಕರಿಗೆ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಮನೆಯವರು ಮಾಡಬಹುದಾದದ್ದು: ಕನ್ನಡಕ ಮತ್ತು ಕಿವಿಯ ಮಷೀನ್ ಇದ್ದರೆ ಐಸಿಯುಗೆ ಬೇಗ ತಲುಪಿಸುವುದು, ಹೋದಾಗಲೆಲ್ಲ ಇವತ್ತು ಯಾವ ವಾರ, ಎಲ್ಲಿದ್ದೀಯ ಅಂತ ಮೆತ್ತಗೆ ಹೇಳುವುದು, ವಾದ ಮಾಡದಿರುವುದು. ಮಗಳು ನನ್ನ ಕನ್ನಡಕ ತಂದು ಹಾಕಿದ ಮೇಲೆ ಕಂಡಕ್ಟರ್ ಇಳಿದುಹೋದ.

ಕನ್ನಡಕ ಬಂದ ಮೇಲೆ ನನ್ನ ಕೈ ನೋಡಿಕೊಂಡು ಹೆದರಿದೆ. ಊದಿ ಬೆರಳು ಮಡಚಲಾಗುತ್ತಿರಲಿಲ್ಲ. ಒಳಗೆ ಹೋಗುವಾಗ 52 ಕೆಜಿ ಇದ್ದವಳು ಈಗ 58. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 0.9 ಇದ್ದದ್ದು 2.1ಕ್ಕೆ ಏರಿತ್ತು. ಡಯಾಲಿಸಿಸ್ ಬೇಕಾಗಬಹುದು ಅನ್ನುವ ಮಾತು ಒಂದು ಬೆಳಿಗ್ಗೆ ಬಂತು. ಮೂತ್ರದ ಚೀಲದಲ್ಲಿ ಎಷ್ಟು ಎಂಎಲ್ ಅನ್ನುವುದೇ ನಮ್ಮ ಮನೆಯವರಿಗೆಲ್ಲ ಆಗ ಜಗತ್ತು. ಮೂತ್ರ ಹೋಗಿಸುವ ಲೇಸಿಕ್ಸ್ ಔಷಧಿ ಕೊಟ್ಟು ಕೊಟ್ಟು ನೀರು ಇಳಿಯಿತು, ಕ್ರಿಯಾಟಿನಿನ್ ನಿಧಾನಕ್ಕೆ ಕೆಳಗೆ ಬಂತು, ಡಯಾಲಿಸಿಸ್ ಬೇಕಾಗಲಿಲ್ಲ.

ವಾರ್ಡಿಗೆ ಬಂದಾಗ ಪಕ್ಕದ ಮಂಚದಲ್ಲಿ ಅದೇ ತುಮಕೂರಿನ ಅಜ್ಜಿ. ವಯಸ್ಸು 68. ಆಗಲೇ ಕಾರಿಡಾರಿನಲ್ಲಿ ನಡೆದಾಡುತ್ತಾ, "ಏಳವ್ವ, ಚಿಕ್ಕ ವಯಸ್ಸು, ಹಿಂಗೆ ಮಲಗಿದ್ರೆ ಹೆಂಗೆ?" ಅನ್ನುತ್ತಿದ್ದರು. ಅವರ ಮಾತು ಪ್ರೀತಿಯದೇ, ಆದರೆ ನನಗೆ ಚುಚ್ಚುತ್ತಿತ್ತು. ಉಸಿರಿನ ವ್ಯಾಯಾಮಕ್ಕೆ ಕೊಡುವ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಸಿರೆಳೆದರೆ ಅವರಿಗೆ ಎರಡು ಚೆಂಡು ಏರುತ್ತಿತ್ತು, ನನಗೆ ಒಂದು ಅಲುಗಾಡುತ್ತಿತ್ತು. ನನ್ನಲ್ಲೇ ಏನೋ ಕೆಟ್ಟಿದೆ, ಇವರು ಮುಚ್ಚಿಡುತ್ತಿದ್ದಾರೆ ಅನ್ನಿಸಿ ಒಂದು ಬೆಳಿಗ್ಗೆ ರೌಂಡ್ಸಿಗೆ ಬಂದ ಜೂನಿಯರ್ ಡಾಕ್ಟರಮ್ಮನ ಕೈ ಹಿಡಿದುಕೊಂಡು ಅತ್ತೆ.

ಆಕೆ ಕೂತು ಹೇಳಿದರು, ಪುಣ್ಯಾತ್ಮಳು. ಅಜ್ಜಿಗೆ ಆದದ್ದು ಮಷೀನ್ ಇಲ್ಲದ ಬೈಪಾಸ್, ಪಂಪ್ ಟೈಮ್ ಸೊನ್ನೆ. ನಿಮ್ಮ ರಕ್ತ ಮೂರು ಗಂಟೆಗೂ ಮೇಲೆ ಪ್ಲಾಸ್ಟಿಕ್ ಕೊಳವೆಯಲ್ಲಿ ಸುತ್ತಿದೆ. ಪರಕೀಯ ವಸ್ತು ಮುಟ್ಟಿದ ರಕ್ತ ಸುಮ್ಮನಿರುವುದಿಲ್ಲ. ಮೈಯೆಲ್ಲ ಉರಿಯೂತ ಏಳುತ್ತದೆ, ಸಣ್ಣ ರಕ್ತನಾಳಗಳು ಒಸರಿ ನೀರು ಮೈಗೆ ಇಳಿಯುತ್ತದೆ. ಕೊಳವೆಗಳನ್ನು ಮೊದಲೇ ಒಂದು ಲೀಟರಿಗೂ ಹೆಚ್ಚು ದ್ರಾವಣದಿಂದ ತುಂಬಿಟ್ಟಿರುತ್ತಾರೆ, ಅದು ರಕ್ತಕ್ಕೆ ಬೆರೆತು ಹಿಮೋಗ್ಲೋಬಿನ್ ತೆಳುವಾಗುತ್ತದೆ. ಕಿಡ್ನಿಗೆ ಅಭ್ಯಾಸವಿಲ್ಲದ ಒತ್ತಡದಲ್ಲಿ ರಕ್ತ ಸಿಗುತ್ತದೆ. ಹೊತ್ತು ಹೆಚ್ಚಾದಂತೆ ವೆಂಟಿಲೇಟರ್, ಕಿಡ್ನಿ, ರಕ್ತಸ್ರಾವ, ಗೊಂದಲ ಎಲ್ಲದರ ಸಾಧ್ಯತೆ ಹೆಚ್ಚು. "ಆದ್ರೆ ಇಷ್ಟು ನಿಮಿಷ ದಾಟಿದ್ರೆ ಕೆಟ್ಟದ್ದು, ಒಳಗಿದ್ರೆ ಒಳ್ಳೇದು ಅಂತ ಗೆರೆ ಇಲ್ಲ" ಅಂದರು. ಕಷ್ಟದ ಕೇಸಿಗೆ ಹೊತ್ತು ಜಾಸ್ತಿ ಹಿಡಿಯುತ್ತದೆ, ಕಷ್ಟದ ಕೇಸು ನಿಧಾನಕ್ಕೇ ಸುಧಾರಿಸುತ್ತದೆ. ಅದರಲ್ಲಿ ಮಷೀನಿನ ಪಾಲೆಷ್ಟು, ಕಾಯಿಲೆಯ ಪಾಲೆಷ್ಟು ಅಂತ ಬಿಡಿಸುವುದು ಸುಲಭವಲ್ಲ. ಎರಡನೇ ಸಲ ಯಾಕೆ ಹಾಕಿದಿರಿ, ಬಿಟ್ಟುಬಿಡಬಹುದಿತ್ತಲ್ಲ ಅಂತ ಯಜಮಾನರು ಕೇಳಿದರು. "ಬೇಗ ಮುಗಿಸಿ ಸೋರೋ ವಾಲ್ವ್ ಇಟ್ಟು ಕಳಿಸಿದ್ರೆ ವರ್ಷಗಟ್ಟಲೆ ಕಾಲು ಊದಿಸಿಕೊಂಡು ಓಡಾಡ್ತಿದ್ರು ಸರ್" ಅಂದರು. ನನಗೆ ಆ ಉತ್ತರ ಸಾಕಾಯಿತು. ಈಗಲೂ ಆ ಹೆಚ್ಚುವರಿ ನಿಮಿಷಗಳ ಬಗ್ಗೆ ನನಗೆ ದೂರಿಲ್ಲ. ದೂರಿರುವುದು ಇದನ್ನು ಮೊದಲ ದಿನವೇ ಹೇಳದಿದ್ದದ್ದಕ್ಕೆ.

ಮಗಳು ಆಮೇಲೆ ಹುಡುಕಿ ಓದಿ ಹೇಳಿದಳು: ಈ ಮಷೀನನ್ನು ಮನುಷ್ಯರ ಮೇಲೆ ಮೊದಲು ಯಶಸ್ವಿಯಾಗಿ ಬಳಸಿದ್ದು 1953ರ ಮೇ 6ರಂದು, ಫಿಲಡೆಲ್ಫಿಯಾದಲ್ಲಿ, ಜಾನ್ ಗಿಬ್ಬನ್ ಎಂಬ ಡಾಕ್ಟರು, 18 ವರ್ಷದ ಹುಡುಗಿಗೆ. ಹಾರ್ಟಿನ ಕೆಲಸ ಪೂರ್ತಿ ಮಷೀನ್ ಮಾಡಿದ್ದು 26 ನಿಮಿಷ.

ಮನೆಗೆ ಬರುವಾಗ ಕಾರಿನಲ್ಲಿ ಸೀಟ್ ಬೆಲ್ಟ್ ಮತ್ತು ಎದೆಯ ನಡುವೆ ಸಣ್ಣ ದಿಂಬು ಇಟ್ಟುಕೊಂಡೆ. ಆ ದಿಂಬು ಕೆಮ್ಮುವಾಗಲೂ ಬೇಕು. ಎದೆ ಮೂಳೆ ಕೂಡುವ ತನಕ, ನನಗೆ ಹೇಳಿದ್ದು ಮೂರು ತಿಂಗಳು, ಕೊಡ ಎತ್ತುವಂತಿಲ್ಲ, ಕುಕ್ಕರ್ ಇಳಿಸುವಂತಿಲ್ಲ, ಮಂಚದಿಂದ ಏಳುವಾಗ ಕೈಯೂರಿ ಏಳುವಂತಿಲ್ಲ, ಪಕ್ಕಕ್ಕೆ ಹೊರಳಿ ಏಳಬೇಕು. ಹಳ್ಳಿ ಮನೆಯ ಕುಕ್ಕರಗಾಲಲ್ಲಿ ಕೂರುವ ಕಕ್ಕಸಿಗೆ ಕಮೋಡ್ ಕುರ್ಚಿ ಮೊದಲೇ ತಂದಿಡಿ.

ಮೈಗಿಂತ ತಲೆ ನಿಧಾನ. ಸಂಘದಿಂದ ಹುಡುಗ ಒಂದು ಖಾತೆ ತಂದು ತೋರಿಸಿದ. ಬರೀ ಕೂಡಿಸುವ ಲೆಕ್ಕ, ಕಣ್ಣು ಮುಚ್ಚಿ ಮಾಡುತ್ತಿದ್ದದ್ದು. ಮೂರು ಸಲ ಕೂಡಿಸಿದರೆ ಮೂರು ಮೊತ್ತ ಬಂತು. ಧಾರಾವಾಹಿ ನೋಡಿದರೆ ಯಾರು ಯಾರ ಮಗ ಅಂತ ಮರೆಯುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಅಳುತ್ತಾ ನಿಂತಿರುತ್ತಿದ್ದೆ, ಯಾಕೆ ಅಂತ ಗೊತ್ತಿಲ್ಲ. ಇದಕ್ಕೂ ಮಷೀನ್ ಕಾರಣವೇ ಅಂತ ಮಗಳು ಓದಲು ಕೂತಳು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2001ರಲ್ಲಿ ಬೈಪಾಸ್ ಆದ 261 ಜನರ ಅಧ್ಯಯನ ಪ್ರಕಟಿಸಿದ್ದರು. ಡಿಸ್ಚಾರ್ಜ್ ಹೊತ್ತಿಗೆ ಶೇ 53 ಜನರಲ್ಲಿ ನೆನಪು, ಗಮನ ಇತ್ಯಾದಿ ಕುಂದಿತ್ತು. ಆರು ತಿಂಗಳಿಗೆ ಅದು ಶೇ 24ಕ್ಕೆ ಇಳಿದಿತ್ತು, ಐದು ವರ್ಷಕ್ಕೆ ಮತ್ತೆ ಶೇ 42. ಓದಿ ಇಬ್ಬರೂ ಬೆವರಿದೆವು. ಮುಂದಿನ ತಪಾಸಣೆಯಲ್ಲಿ ಡಾಕ್ಟರಮ್ಮನ ಮುಂದೆ ಇಟ್ಟಾಗ ಆಕೆ ಹೇಳಿದ್ದು ಬೇರೆ. 2009ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬೈಪಾಸ್ ರೋಗಿಗಳನ್ನು ಮಷೀನ್ ಇದ್ದವರು, ಇಲ್ಲದವರು ಅಂತ ಎರಡು ಗುಂಪು ಮಾಡಿ ನೋಡಿದ ಅಧ್ಯಯನದಲ್ಲಿ ಈ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲವಂತೆ. ಅಂದರೆ ಎಲ್ಲವನ್ನೂ ಮಷೀನಿನ ತಲೆಗೆ ಕಟ್ಟುವ ಹಾಗಿಲ್ಲ. ಅರಿವಳಿಕೆ, ನಿದ್ರೆಗೇಡು, ರಕ್ತನಾಳದ ಕಾಯಿಲೆ, ವಯಸ್ಸು ಎಲ್ಲದರ ಪಾಲೂ ಇದೆ. ಅಳುವಿನ ಬಗ್ಗೆಯೂ ಡಾಕ್ಟರಿಗೆ ಹೇಳಿ. ಹೇಳಲು ನಾಚಿಕೊಂಡವರು ವಾರ್ಡಿನಲ್ಲಿ ನನ್ನೊಬ್ಬಳೇ ಅಲ್ಲ ಅಂತ ಆಮೇಲೆ ಫೋನಿನಲ್ಲಿ ಮಾತಾಡುವಾಗ ತಿಳಿಯಿತು. ತುಮಕೂರಿನ ಅಜ್ಜಿಯೂ ಅಳುತ್ತಿದ್ದರು, ಸೊನ್ನೆ ನಿಮಿಷದವರು.

ನನಗೆ ತಲೆ ತಿಳಿಯಾದದ್ದು ಒಂದು ದಿನದಲ್ಲಲ್ಲ. ದಿನಾ ಬೆಳಿಗ್ಗೆ ಹಳೆಯ ಖಾತೆಯ ಒಂದು ಪುಟ ಕೂಡಿಸಿ ಮೊತ್ತ ತಾಳೆ ನೋಡುತ್ತಿದ್ದೆ. ಎರಡು ತಿಂಗಳು ಕಳೆದ ಮೇಲೆ ತಪ್ಪು ಅಪರೂಪವಾಯಿತು. ಈಗ ಅರ್ಧ ದಿನ ಸಂಘಕ್ಕೆ ಹೋಗುತ್ತೇನೆ.

ಲೋಹದ ವಾಲ್ವಿನವರಿಗೆ ರಕ್ತ ತೆಳುವಾಗಿಸುವ ಅಸಿಟ್ರೋಮ್ ಮಾತ್ರೆ ಜೀವನಪೂರ್ತಿ. ನನ್ನ ಐಎನ್‌ಆರ್ 2.5ರಿಂದ 3.5ರ ನಡುವೆ ಇರಬೇಕು (ರಕ್ತ ಎಷ್ಟು ತೆಳುವಾಗಿದೆ ಅಂತ ಹೇಳುವ ಅಂಕಿ ಅದು). ಮೊದಮೊದಲು ವಾರಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ ಪರೀಕ್ಷೆ, ನಮ್ಮಲ್ಲಿ 300 ರೂಪಾಯಿ ಆಸುಪಾಸು. ಸೊಪ್ಪು ತಿನ್ನಲೇಬಾರದು ಅಂತ ಹೇಳುವವರ ಮಾತು ಕೇಳಬೇಡಿ. ಒಂದು ವಾರ ದಿನಾ ಸೊಪ್ಪು, ಮುಂದಿನ ವಾರ ಏನೂ ಇಲ್ಲ ಅಂತಾದರೆ ಐಎನ್‌ಆರ್ ಏರಿಳಿಯುತ್ತದೆ. ನಾನು ವಾರಕ್ಕೆರಡು ದಿನ ಬಸ್ಸಾರು ಅಂತ ಗೊತ್ತುಮಾಡಿಕೊಂಡಿದ್ದೇನೆ. ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವುದು, ನಾಟಿ ಔಷಧಿ ಎರಡೂ ಬಂದ್.

ಆಸ್ಪತ್ರೆ ಬಿಡುವ ಮೊದಲು ಡಿಸ್ಚಾರ್ಜ್ ಸಮರಿಯ ಜೊತೆ ಆಪರೇಷನ್ ನೋಟಿನ ಪ್ರತಿಯನ್ನೂ, ವಾಲ್ವಿನ ಸಂಖ್ಯೆ ಇರುವ ಕಾರ್ಡನ್ನೂ ಕೇಳಿ ತೆಗೆದುಕೊಳ್ಳಿ. ಪಂಪ್ ಟೈಮ್, ಕ್ಲ್ಯಾಂಪ್ ಟೈಮ್ ಬರೆದಿಲ್ಲದಿದ್ದರೆ ಬರೆಸಿಕೊಳ್ಳಿ. ಮುಂದೆ ಕಿಡ್ನಿಗೋ ನರಕ್ಕೋ ಬೇರೆ ಡಾಕ್ಟರ ಹತ್ತಿರ ಹೋದರೆ ಅದು ಉಪಯೋಗಕ್ಕೆ ಬರಬಹುದು.

ರುಮ್ಯಾಟಿಕ್ ಕಾಯಿಲೆಯವರಿಗೆ ಇನ್ನೊಂದು ಮಾತು. ವಾಲ್ವ್ ಬದಲಾಯಿತು, ಇನ್ನು 21 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳುವ ಗೋಳು ತಪ್ಪಿತು ಅಂತ ನಾನು ಖುಷಿಯಾಗಿದ್ದೆ. ತಪ್ಪುವುದಿಲ್ಲ, ಉಳಿದ ವಾಲ್ವ್‌ಗಳನ್ನು ಕಾಯಬೇಕಲ್ಲ. ರಕ್ತ ತೆಳುವಾಗಿರುವವರಿಗೆ ಚುಚ್ಚಿದ ಜಾಗದಲ್ಲಿ ರಕ್ತ ಕಟ್ಟಬಹುದು ಅಂತ ನನಗೆ ಅದರ ಬದಲು ದಿನಕ್ಕೆರಡು ಮಾತ್ರೆ ಬರೆದುಕೊಟ್ಟಿದ್ದಾರೆ. ನಿಮಗೆ ಯಾವುದು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಹಲ್ಲು ಕೀಳಿಸುವ ಮೊದಲೂ ವಾಲ್ವ್ ಇರುವುದನ್ನು ಹೇಳಿ, ಗಂಟೆ ಮುಂಚೆ ತೆಗೆದುಕೊಳ್ಳುವ ಆ್ಯಂಟಿಬಯಾಟಿಕ್ ಬರೆಸಿಕೊಳ್ಳಿ.